ಮಗುವನ್ನು ಎನ್‌ಸಿಸಿಗೆ ಸೇರಿಸಬೇಕಾ? ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೇಂದ್ರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾ 12 ವರ್ಷ ಎನ್‌ಸಿಸಿ ನೋಡಿಕೊಂಡವನು ನಾನು. ಜೂನ್ ಬಂತೆಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಯಾರಾದರೂ ಅಪ್ಪನೋ ಅಮ್ಮನೋ ನಿಂತಿರುತ್ತಿದ್ದರು. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಸಾರ್, ಇದರಿಂದ ಏನು ಸಿಗುತ್ತೆ?" ಸರ್ಟಿಫಿಕೇಟು, ಕೋಟಾ, ನೌಕರಿ. ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಮಕ್ಕಳಿಗೆ ಏನು ಮಾಡಿಸುತ್ತೀರಿ ಅಂತ ಕೇಳಿದವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ. ಹಾಗಾಗಿ ಇಲ್ಲಿ ಎರಡಕ್ಕೂ ಉತ್ತರ ಇದೆ. ಕೋಟಾ ವಿಷಯ ಸ್ವಲ್ಪ ಕೆಳಗೆ ಬರುತ್ತದೆ, ತಾಳ್ಮೆ ಇರಲಿ.

ಎನ್‌ಸಿಸಿ ಅಂದರೆ ಏನು? ಯಾರು ನಡೆಸುತ್ತಾರೆ?

ನ್ಯಾಷನಲ್ ಕ್ಯಾಡೆಟ್ ಕೋರ್. ಕೇಂದ್ರದ ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತದೆ. ಮುಖ್ಯ ಕಚೇರಿ ದೆಹಲಿಯಲ್ಲಿ. ದೇಶವನ್ನು 17 ಡೈರೆಕ್ಟರೇಟ್‌ಗಳಾಗಿ ಹಂಚಿದ್ದಾರೆ. ನಮ್ಮದು ಕರ್ನಾಟಕ ಮತ್ತು ಗೋವಾ ಡೈರೆಕ್ಟರೇಟ್. ಅದರ ಕೆಳಗೆ ಗ್ರೂಪ್‌ಗಳು, ಗ್ರೂಪ್‌ಗಳ ಕೆಳಗೆ ಬೆಟಾಲಿಯನ್‌ಗಳು. ಜನ ಅದನ್ನು 'ಯೂನಿಟ್' ಅಂತಲೇ ಕರೆಯುವುದು.

ಯೂನಿಟ್‌ನ ಕಮಾಂಡಿಂಗ್ ಆಫೀಸರ್, ಅಂದರೆ ಸಿಒ, ಸೇವೆಯಲ್ಲಿರುವ ಸೇನಾಧಿಕಾರಿ. ಡ್ರಿಲ್ ಹೇಳಿಕೊಡುವ ಹವಾಲ್ದಾರ್, ಸುಬೇದಾರ್‌ಗಳೂ ಸೇನೆಯವರೇ. ಇವರನ್ನು ಪಿಐ ಸ್ಟಾಫ್, ಅಂದರೆ ಪರ್ಮನೆಂಟ್ ಇನ್‌ಸ್ಟ್ರಕ್ಟರ್ ಸ್ಟಾಫ್ ಅನ್ನುತ್ತಾರೆ. ಆದರೆ ದಿನದಿನ ಮಕ್ಕಳ ಜೊತೆ ಇರುವವರು ಶಾಲೆಯ ಮೇಷ್ಟ್ರೋ ಮೇಡಮ್ಮೋ. ಅವರೇ ಎಎನ್‌ಒ, ಅಂದರೆ ಅಸೋಸಿಯೇಟ್ ಎನ್‌ಸಿಸಿ ಆಫೀಸರ್. ಗಂಡಸರಾದರೆ ನಾಗಪುರದ ಪಕ್ಕದ ಕಾಂಪ್ಟಿಯಲ್ಲಿ, ಹೆಂಗಸರಾದರೆ ಗ್ವಾಲಿಯರ್‌ನಲ್ಲಿ ತರಬೇತಿ ಮುಗಿಸಿ ಬಂದಿರುತ್ತಾರೆ. 30 ದಾಟಿದ ಮೇಲೆ ಕಾಂಪ್ಟಿಯ ಬಿಸಿಲಲ್ಲಿ ಓಡಿದ್ದನ್ನು ನನ್ನ ಮಂಡಿ ಇನ್ನೂ ಮರೆತಿಲ್ಲ.

ಇದು ಯಾವಾಗ ಶುರುವಾಯಿತು?

ಬ್ರಿಟಿಷರ ಕಾಲದಲ್ಲೇ ಬೇರು ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಕಾಲೇಜು ಹುಡುಗರಿಗೆ ಯೂನಿವರ್ಸಿಟಿ ಕೋರ್ ಅಂತ ಮಾಡಿದ್ದರು. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ಪಂಡಿತ್ ಹೃದಯನಾಥ್ ಕುಂಜ್ರು ಅವರ ಮುಂದಾಳತ್ವದಲ್ಲಿ ಸಮಿತಿಯೊಂದು ಕೂತಿತು. ಅದರ ಶಿಫಾರಸಿನ ಮೇಲೆ 1948ರಲ್ಲಿ ಕಾಯ್ದೆ ಬಂತು, ಅದೇ ವರ್ಷ ಜುಲೈ 15ರಂದು ಎನ್‌ಸಿಸಿ ಹುಟ್ಟಿತು. ಮಾರನೇ ವರ್ಷ ಹೆಣ್ಣುಮಕ್ಕಳ ವಿಭಾಗ. 1950ರಲ್ಲಿ ವಾಯುದಳದ ವಿಂಗ್, 1952ರಲ್ಲಿ ನೌಕಾದಳದ್ದು.

ಮೊದಲ ನಿರ್ದೇಶಕರು ಗೋಪಾಲ ಗುರುನಾಥ ಬೇವೂರ. ಆಗ ಕರ್ನಲ್, ಮುಂದೆ ಭೂಸೇನೆಯ ಮುಖ್ಯಸ್ಥರೇ ಆದರು. ಬೇವೂರು ಅನ್ನೋದು ಬಾಗಲಕೋಟೆ ಜಿಲ್ಲೆಯ ಊರಿನ ಹೆಸರು. ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ಒಂದು ಕ್ಷಣ ಬೆನ್ನು ನೆಟ್ಟಗಾಗುತ್ತಿತ್ತು.

1962ರ ಚೀನಾ ಯುದ್ಧ ಆದಮೇಲೆ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಆ ಕಾಲದ ಹಿರಿಯರನ್ನು ಕೇಳಿ ನೋಡಿ. ಖಾಕಿ ಚಡ್ಡಿ ಹಾಕಿ ಮೈದಾನಕ್ಕೆ ಹೋಗಿ ಹಾಜರಿ ಹಾಕಿಸಿಕೊಂಡು ಜಾರಿಕೊಂಡ ಕಥೆ ಹತ್ತಾದರೂ ಹೇಳುತ್ತಾರೆ. 1968ರಲ್ಲಿ ಕಡ್ಡಾಯ ತೆಗೆದರು. ಒಳ್ಳೇದೇ ಆಯಿತು. ಒಲ್ಲದ ಹುಡುಗನಿಗೆ ಡ್ರಿಲ್ ಕಲಿಸುವುದು ಎರಡೂ ಕಡೆಯವರಿಗೆ ಶಿಕ್ಷೆ.

1965 ಮತ್ತು 1971ರ ಯುದ್ಧಗಳಲ್ಲಿ ಕ್ಯಾಡೆಟ್‌ಗಳು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ನೆರವಾದರು. ಆಮೇಲೆ ಪಠ್ಯ ನಿಧಾನವಾಗಿ ಬದಲಾಯಿತು. ಯುದ್ಧದ ತಯಾರಿ ಹಿಂದಕ್ಕೆ ಹೋಗಿ, ಮುಂದಾಳುತನ, ಸಮಾಜಸೇವೆ ಮುಂದೆ ಬಂತು.

ಸೇರಿದರೆ ಮಿಲಿಟರಿಗೆ ಹೋಗಲೇಬೇಕಾ?

ಇಲ್ಲ. ಯುದ್ಧ ಬಂದರೂ ಕ್ಯಾಡೆಟ್‌ನನ್ನು ಸೇನೆಗೆ ಕರೆಯುವ ಹಾಗಿಲ್ಲ, ಅಂಥ ಯಾವ ಕರಾರೂ ಇಲ್ಲ. ಒಬ್ಬನೇ ಮಗನಿದ್ದ ತಾಯಿಯೊಬ್ಬರು ಫಾರಂಗೆ ಸಹಿ ಹಾಕುವ ಮುಂಚೆ ಇದನ್ನು ನನ್ನಿಂದ ಮೂರು ಸಲ ಹೇಳಿಸಿದ್ದರು. ಹುಡುಗ ಈಗ ಬ್ಯಾಂಕಿನಲ್ಲಿದ್ದಾನೆ.

ಯಾವ ವಯಸ್ಸಿಗೆ ಸೇರಬಹುದು? ಎಷ್ಟು ವರ್ಷ?

ಎರಡು ಹಂತ. ಹೈಸ್ಕೂಲಿನಲ್ಲಿ ಜೂನಿಯರ್: ಗಂಡುಮಕ್ಕಳಿಗೆ ಜೂನಿಯರ್ ಡಿವಿಷನ್, ಹೆಣ್ಣುಮಕ್ಕಳಿಗೆ ಜೂನಿಯರ್ ವಿಂಗ್. 12 ವರ್ಷ ತುಂಬಿರಬೇಕು, ಎರಡು ವರ್ಷದ ತರಬೇತಿ. ಸಾಮಾನ್ಯವಾಗಿ 8ನೇ ಕ್ಲಾಸಿನಲ್ಲಿ ತಗೊಳ್ಳುತ್ತಾರೆ. ಆಗ 10ನೇ ಕ್ಲಾಸಿನ ಹೊತ್ತಿಗೆ ಕೈ ಖಾಲಿ ಇರುತ್ತದೆ. ಪಿಯು ಮತ್ತು ಡಿಗ್ರಿಯಲ್ಲಿ ಸೀನಿಯರ್, ಮೂರು ವರ್ಷ. 26 ವರ್ಷದ ಒಳಗಿನವರಿಗೆ.

ಆಯ್ಕೆ ಹೇಗೆ ಮಾಡುತ್ತಾರೆ? ನಮ್ಮ ಹುಡುಗ ಸಣಕಲ.

ಸಣಕಲ ಆದರೆ ಆಗಲಿ, ಓಡಲು ಬಂದರೆ ಸಾಕು. ಸೀಟು ಕಡಿಮೆ, ಬರುವವರು ಜಾಸ್ತಿ. ಅದಕ್ಕೆ ಓಟ, ಒಂದಷ್ಟು ಪುಷ್‌ಅಪ್, ಚಿಕ್ಕದೊಂದು ಸಾಮಾನ್ಯ ಜ್ಞಾನದ ಪರೀಕ್ಷೆ, ನಾಲ್ಕು ಮಾತು. ಮೈ ಹುಷಾರಾಗಿದೆ ಅಂತ ವೈದ್ಯರ ಪತ್ರ, ಮನೆಯವರ ಸಹಿ, ಆಧಾರ್, ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕು. ನೋಂದಣಿ ಆನ್‌ಲೈನ್.

ದಯವಿಟ್ಟು ಕಾಯಿಲೆ ಮುಚ್ಚಿಡಬೇಡಿ. ಉಬ್ಬಸ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಸೀಟು ತಪ್ಪೀತು ಅಂತ ಹೇಳದೆ ಕಳುಹಿಸಿದರೆ ಶಿಬಿರದಲ್ಲಿ ರಾತ್ರಿ ಎರಡು ಗಂಟೆಗೆ ಅದು ಗೊತ್ತಾಗುತ್ತದೆ.

ನಮ್ಮ ಶಾಲೆಯಲ್ಲಿ ಎನ್‌ಸಿಸಿ ಇಲ್ಲ. ಹೊರಗೆ ಎಲ್ಲಾದರೂ ಸೇರಿಸಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ಎನ್‌ಸಿಸಿ ಶಾಲೆ-ಕಾಲೇಜಿನ ಮೂಲಕವೇ ನಡೆಯುವುದು. ಬೇಕೆನ್ನುವ ಶಾಲೆ ಹತ್ತಿರದ ಯೂನಿಟ್‌ಗೆ ಅರ್ಜಿ ಹಾಕಿ ಕಾಯಬೇಕು. ಖರ್ಚನ್ನೆಲ್ಲ ಸಂಸ್ಥೆಯೇ ಹೊರುವ ಸೆಲ್ಫ್ ಫೈನಾನ್ಸ್ ಪದ್ಧತಿಯೂ ಇದೆ. 2020ರಲ್ಲಿ ಗಡಿ ಮತ್ತು ಕರಾವಳಿ ಜಿಲ್ಲೆಗಳಿಗೆಂದೇ ಒಂದು ಲಕ್ಷ ಹೊಸ ಕ್ಯಾಡೆಟ್‌ಗಳ ವಿಸ್ತರಣೆ ಘೋಷಿಸಿದರು, ಅದರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ ಅಂದರು. 2024ರಲ್ಲಿ ಇನ್ನೂ ಮೂರು ಲಕ್ಷಕ್ಕೆ ಒಪ್ಪಿಗೆ ಸಿಕ್ಕಿತು. ಒಟ್ಟು 20 ಲಕ್ಷದ ಲೆಕ್ಕ. ಆದರೂ ಹಳ್ಳಿ ಕಡೆಯ ಸರ್ಕಾರಿ ಹೈಸ್ಕೂಲಿಗೆ ಎನ್‌ಸಿಸಿ ಸಿಗೋದು ಇವತ್ತಿಗೂ ಅದೃಷ್ಟವೇ. ಅರ್ಜಿ ಹಾಕುವ ಹೆಡ್‌ಮಾಸ್ಟರ್ ಬೇಕು, ಎಎನ್‌ಒ ಆಗಲು ಒಪ್ಪುವ ಮೇಷ್ಟ್ರು ಬೇಕು. ಎರಡನೆಯದೇ ಕಷ್ಟ.

ಎಷ್ಟು ಖರ್ಚಾಗುತ್ತದೆ?

ತರಬೇತಿಗೆ ಫೀಸ್ ಇಲ್ಲ. ಸಮವಸ್ತ್ರದ ಹಣ ಈಗ ಕ್ಯಾಡೆಟ್‌ನ ಖಾತೆಗೇ ನೇರ ಬರುತ್ತದೆ, ಅದಕ್ಕೇ ಬ್ಯಾಂಕ್ ಖಾತೆ ಕೇಳುವುದು. ಶಿಬಿರದಲ್ಲಿ ಊಟ-ವಸತಿ ಅವರದ್ದೇ. ಶೂ ಪಾಲಿಶ್, ಬೆಲ್ಟಿನ ಹಿತ್ತಾಳೆ ಉಜ್ಜಲು ಬ್ರಾಸೊ, ತಿಂಗಳಿಗೊಮ್ಮೆ ಕಟಿಂಗ್, ಇವು ನಿಮ್ಮ ಜೇಬಿನಿಂದ. ಸಮವಸ್ತ್ರದ ಹಣ ಬರುವುದು ಕೆಲವೊಮ್ಮೆ ತಡವಾಗುತ್ತದೆ, ಅದಕ್ಕೆ ರೆಡಿ ಇರಿ.

ಪರೇಡ್ ದಿನ ಏನು ಮಾಡಿಸುತ್ತಾರೆ?

ಇದೇ ನಾನು ಕಾಯುತ್ತಿದ್ದ ಪ್ರಶ್ನೆ.

ಬೆಳಿಗ್ಗೆ ಏಳಕ್ಕೆ ಫಾಲ್ ಇನ್ ಅಂದರೆ ಆರೂ ಮುಕ್ಕಾಲಿಗೆ ಮೈದಾನದಲ್ಲಿರಬೇಕು. ಮೂರು ಸಾಲು. ಎತ್ತರದವರು ಎರಡು ತುದಿಗೆ, ಗಿಡ್ಡಗಿರುವವರು ನಡುವೆ. ಮೊದಲು ಟರ್ನ್‌ಔಟ್ ನೋಡುತ್ತಾರೆ: ಶೂ ಹೊಳೆಯುತ್ತಿದೆಯಾ, ಉಗುರು ಕತ್ತರಿಸಿದೆಯಾ, ಬೆರೆ ಟೋಪಿ ಬಲಕ್ಕೆ ಸರಿಯಾಗಿ ಇಳಿದಿದೆಯಾ. ಹೊಸ ಬೆರೆ ತಲೆ ಮೇಲೆ ದೋಸೆ ಇಟ್ಟ ಹಾಗೆ ನಿಂತಿರುತ್ತದೆ. ಅದನ್ನು ನೀರಲ್ಲಿ ನೆನೆಸಿ, ಹಿಂಡಿ, ಒದ್ದೆ ಇರುವಾಗಲೇ ತಲೆಗೆ ಹಾಕಿ ಅಂಗೈಯಿಂದ ಒತ್ತಿ ಒತ್ತಿ ಆಕಾರ ತರಬೇಕು. ಸೀನಿಯರ್‌ಗಳು ಜೂನಿಯರ್‌ಗಳಿಗೆ ಇದನ್ನು ಕಾಲೇಜಿನ ನಲ್ಲಿ ಹತ್ತಿರ ಕಲಿಸುತ್ತಾರೆ. ಕಲಿಸಿ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಆಮೇಲೆ ಡ್ರಿಲ್. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್. ಮೊದಲ ವಾರ ತಮಾಷೆ ನೋಡಬೇಕು. ನಡೆಯುವಾಗ ಎಡಗಾಲಿನ ಜೊತೆ ಎಡಗೈ ಮುಂದೆ ಹೋಗುವವರು ಒಂದು ತಂಡಕ್ಕೆ ಇಬ್ಬರಾದರೂ ಇರುತ್ತಾರೆ. ದಿನಾ ರಸ್ತೆಯಲ್ಲಿ ಸರಿಯಾಗೇ ನಡೆಯುವ ಮಗು, 'ತೇಜ್ ಚಲ್' ಕಿವಿಗೆ ಬಿದ್ದ ಕೂಡಲೇ ನಡೆಯೋದೇ ಮರೆಯುತ್ತದೆ. ಹವಾಲ್ದಾರ್ ಸಾಹೇಬರು ಅವರನ್ನು ಪಕ್ಕಕ್ಕೆ ಕರೆದು ಕದಮ್ ತಾಲ್ ಮಾಡಿಸುತ್ತಾರೆ. ಅಂದರೆ ನಿಂತಲ್ಲೇ ಹೆಜ್ಜೆ. ಮೂರನೇ ವಾರಕ್ಕೆ ಸರಿಹೋಗುತ್ತದೆ.

ಉಳಿದ ಹೊತ್ತಿನಲ್ಲಿ ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ಬಂದೂಕಿನ ಭಾಗಗಳು, ವಿಪತ್ತು ಬಂದಾಗ ಏನು ಮಾಡಬೇಕು, ಆರೋಗ್ಯ, ಪರಿಸರ. ಸೇನಾ ವಿಂಗ್‌ನವರಿಗೆ ಇಷ್ಟು. ವಾಯು ವಿಂಗ್‌ನವರಿಗೆ ವಿಮಾನ ಹಾರುವ ಬಗೆ, ವಿಮಾನದ ಮಾದರಿ ಮಾಡುವುದು, ಅವಕಾಶ ಸಿಕ್ಕರೆ ಮೈಕ್ರೋಲೈಟ್ ವಿಮಾನದಲ್ಲಿ ಒಂದು ಸುತ್ತು. ನೌಕಾ ವಿಂಗ್‌ನವರಿಗೆ ದೋಣಿ ಹುಟ್ಟು ಹಾಕುವುದು, ಹಗ್ಗದ ಗಂಟುಗಳು, ಬಾವುಟದ ಸನ್ನೆ.

ಕೊನೆಗೆ ತಿಂಡಿ. ಇದನ್ನು ಹಗುರವಾಗಿ ತಗೋಬೇಡಿ. ಪೂರಿ ಇದ್ದ ದಿನ ಹಾಜರಿ ಜಾಸ್ತಿ, ಬರೀ ಬಿಸ್ಕತ್ತು-ಬಾಳೆಹಣ್ಣಿನ ದಿನ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಪಠ್ಯದಲ್ಲಿ ಇಲ್ಲ. ಎರಡನೇ ವರ್ಷದಲ್ಲಿ ಕ್ಯಾಡೆಟ್‌ನನ್ನು ಸಾಲಿನಿಂದ ಹೊರಗೆ ಕರೆದು, "ಈಗ ನೀನು ಕಮಾಂಡ್ ಕೊಡು" ಅನ್ನುತ್ತಾರೆ. ಕ್ಲಾಸಿನಲ್ಲಿ ಹಾಜರಿ ಹೇಳಲೂ ದನಿ ಏಳದ ಹುಡುಗಿಯೊಬ್ಬಳು ನಮ್ಮಲ್ಲಿ ಇದ್ದಳು. ಮೊದಲ ದಿನ ಅವಳ 'ಸಾವಧಾನ್' ಮುಂದಿನ ಸಾಲಿಗೂ ಕೇಳಲಿಲ್ಲ. ಅರ್ಧ ತಂಡ ನಿಂತಿತು, ಅರ್ಧ ತಂಡ ನಕ್ಕಿತು. ಅವಳು ಮನೆಯ ಹಿಂದಿನ ತೋಟಕ್ಕೆ ಹೋಗಿ ಅಡಿಕೆ ಮರಗಳಿಗೆ ಕಮಾಂಡ್ ಕೊಟ್ಟು ಅಭ್ಯಾಸ ಮಾಡಿದಳಂತೆ. ಆ ವರ್ಷದ ಆಗಸ್ಟ್ 15ಕ್ಕೆ ತಾಲ್ಲೂಕು ಮೈದಾನದಲ್ಲಿ ಅವಳ ದನಿ ಬಸ್ ಸ್ಟ್ಯಾಂಡಿಗೆ ಕೇಳಿಸಿತು.

ನಮ್ಮ ಮಗಳಿಗೆ ಹಿಂದಿ ಬರುವುದಿಲ್ಲ. ಕಷ್ಟ ಆಗುತ್ತಾ?

ಕಮಾಂಡ್‌ಗಳು ಹಿಂದಿಯಲ್ಲೇ. ಅವು 20-30 ಪದ, ತಿಂಗಳಲ್ಲಿ ಬಾಯಿಪಾಠ ಆಗುತ್ತವೆ. ಪಾಠದ ಭಾಗಕ್ಕೆ ನಾವು ಕನ್ನಡದಲ್ಲೇ ವಿವರಿಸುತ್ತಿದ್ದೆವು. ನಿಜವಾದ ತೊಂದರೆ ಬರುವುದು ಪಿಐ ಸ್ಟಾಫ್ ಉತ್ತರದ ಕಡೆಯವರಾದಾಗ. ಕನ್ನಡ ಮೀಡಿಯಂ ಮಕ್ಕಳು ಬಾಯಿ ಬಿಡದೆ ಹಿಂದೆ ಉಳಿದುಬಿಡುತ್ತಾರೆ, ದೊಡ್ಡ ಶಿಬಿರಗಳ ಆಯ್ಕೆಯಲ್ಲಿ ಪಟ್ಟಣದ ಮಕ್ಕಳು ಮುಂದೆ ಹೋಗುತ್ತಾರೆ. ಇದು ನನ್ನ ಹಳೆಯ ತಕರಾರು. ಎಎನ್‌ಒ ಗಟ್ಟಿಯಾಗಿದ್ದರೆ ಇದನ್ನು ಸರಿದೂಗಿಸಬಹುದು. ಹಾಗಾಗಿ ಸೇರಿಸುವ ಮುಂಚೆ ಎಎನ್‌ಒ ಜೊತೆ ಹತ್ತು ನಿಮಿಷ ಮಾತಾಡಿ.

ನಿಜವಾದ ಬಂದೂಕು ಕೊಡುತ್ತಾರಾ?

ಕೊಡುತ್ತಾರೆ, ಆದರೆ ನಿಮ್ಮ ಭಯಕ್ಕಿಂತ ಕಡಿಮೆ. ಮೈದಾನದಲ್ಲಿ ಹೆಗಲಿಗೇರಿಸುವುದು ಗುಂಡು ಹಾರದ ಹಾಗೆ ಮಾಡಿರುವ ಡ್ರಿಲ್ ರೈಫಲ್. ಗುಂಡು ಹೊಡೆಯುವುದು .22 ರೈಫಲ್‌ನಲ್ಲಿ, ಫೈರಿಂಗ್ ರೇಂಜ್‌ನಲ್ಲಿ, ಸೇನೆಯವರು ಪಕ್ಕದಲ್ಲೇ ಕೂತಿರುವಾಗ. 25 ಗಜ ದೂರದ ಗುರಿ. ನೆಲದ ಮೇಲೆ ಬೋರಲು ಮಲಗಿ, ಉಸಿರು ಅರ್ಧ ಬಿಟ್ಟು ಹಿಡಿದು, ಬೆರಳನ್ನು ಜಗ್ಗದೆ ಮೆಲ್ಲಗೆ ಒತ್ತಬೇಕು. ಐದು ಗುಂಡು ಆದಮೇಲೆ ಕಾಗದದ ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಅಂತ ಅಳೆಯುತ್ತಾರೆ. ಇದೇ ಗ್ರೂಪಿಂಗ್. ಮಧ್ಯಕ್ಕೆ ಬೀಳದಿದ್ದರೂ ಪರವಾಗಿಲ್ಲ, ಒಂದೇ ಕಡೆ ಬೀಳಬೇಕು. ಹುಡುಗಾಟದ ಹುಡುಗರಿಗಿಂತ ರಂಗೋಲಿ ಬಿಡಿಸುವ ಹುಡುಗಿಯರ ಗ್ರೂಪಿಂಗ್ ಚೆನ್ನಾಗಿರುತ್ತಿತ್ತು. ಕಾರಣ ನನಗೂ ಗೊತ್ತಿಲ್ಲ, ಕೈ ನಡುಗದೇ ಇರೋದು ಇರಬಹುದು.

ಗುಂಡು ಹಾರಿದ ಮೇಲೆ ಖಾಲಿ ತೋಟಾಗಳನ್ನು ಒಂದೊಂದೂ ಎಣಿಸಿ ವಾಪಸ್ ಕೊಡಬೇಕು. ಒಂದು ಕಡಿಮೆ ಆದರೂ ಎಲ್ಲರೂ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು.

ಶಿಬಿರ ಹೇಗಿರುತ್ತದೆ? ಹತ್ತು ದಿನ ಮಗು ಇರುತ್ತಾ?

ವಾರ್ಷಿಕ ತರಬೇತಿ ಶಿಬಿರ ಹತ್ತು ದಿನ. ಎ, ಬಿ ಅಥವಾ ಸಿ ಸರ್ಟಿಫಿಕೇಟ್ ಬೇಕಿದ್ದರೆ ಶಿಬಿರ ತಪ್ಪಿಸುವ ಹಾಗಿಲ್ಲ.

ಮಲಗುವುದು ಯಾವುದೋ ಶಾಲೆಯ ಹಾಲ್‌ನಲ್ಲಿ ಅಥವಾ ಟೆಂಟ್‌ನಲ್ಲಿ. ಬೆಳಕು ಹರಿಯುವ ಮುಂಚೆ ಸೀಟಿ. ತಟ್ಟೆ-ಲೋಟ ಹಿಡಿದು ಕ್ಯೂ. ಅನ್ನ, ಸಾರು, ಪಲ್ಯ, ಕೆಲವು ದಿನ ಮೊಟ್ಟೆ. ಅಡುಗೆ ಮನೆಯಂತೆ ಇರುವುದಿಲ್ಲ. ಮೊದಲ ದಿನ ಮೂಗು ಮುರಿದವರು ನಾಲ್ಕನೇ ದಿನ ಎರಡನೇ ಸಲ ಕ್ಯೂಗೆ ನಿಲ್ಲುತ್ತಾರೆ. ಮೊಬೈಲ್ ಸಾಮಾನ್ಯವಾಗಿ ತೆಗೆದಿಟ್ಟುಕೊಳ್ಳುತ್ತಾರೆ. ಎರಡನೇ ರಾತ್ರಿ ಒಂದಿಬ್ಬರು ಅಳುತ್ತಾರೆ. ಮೂರನೇ ದಿನ ನಿಲ್ಲುತ್ತದೆ. ಹತ್ತನೇ ದಿನ ಬಸ್ ಹತ್ತುವಾಗ ಮತ್ತೆ ಅಳುತ್ತಾರೆ, ಈ ಸಲ ಹೊಸ ಗೆಳೆಯರನ್ನು ಬಿಟ್ಟು ಹೋಗಬೇಕಲ್ಲ ಅಂತ.

ಅಲ್ಲಿ ಬಾತ್‌ರೂಮಿನ ಪಾಳಿ, ಕಸ ಗುಡಿಸುವ ಪಾಳಿ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ತಟ್ಟೆ ಎತ್ತದ ಗಂಡುಮಕ್ಕಳು ಸಾಲಾಗಿ ಕೂತು ತಟ್ಟೆ ತೊಳೆಯುವುದನ್ನು ನೋಡಬೇಕು. ಊರಿನಲ್ಲಿ ಯಾರ ಮನೆಗೆ ಯಾರು ಹೋಗಬಾರದು ಅಂತ ಕಲಿತು ಬಂದ ಮಕ್ಕಳು ಒಂದೇ ಬಕೆಟ್‌ನಲ್ಲಿ ಬಡಿಸಿದ ಸಾರು ಉಣ್ಣುತ್ತಾರೆ. ನಾನು ಎನ್‌ಸಿಸಿ ಬಿಡದೇ 12 ವರ್ಷ ಇದ್ದದ್ದಕ್ಕೆ ಇದೂ ಒಂದು ಕಾರಣ.

ಕಳುಹಿಸುವಾಗ ಹಾಕಬೇಕಾದ್ದು: ಹೊದಿಕೆ, ಸೊಳ್ಳೆಪರದೆ, ಟಾರ್ಚ್, ಬೀಗ, ಸೂಜಿ-ದಾರ, ಎರಡು ಜೊತೆ ಜಾಸ್ತಿ ಸಾಕ್ಸ್. ಹೊಸ ಶೂವನ್ನು ಶಿಬಿರದ ದಿನವೇ ಮೊದಲ ಸಲ ಹಾಕಿಸಬೇಡಿ. ಎರಡು ವಾರ ಮುಂಚೆಯಿಂದ ಮನೆಯಲ್ಲಿ ಹಾಕಿ ಓಡಾಡಲಿ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಹತ್ತು ದಿನವೂ ಹಾಳು.

ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳುಹಿಸುವುದು ಸುರಕ್ಷಿತವೇ?

ಸುಮ್ನೆ ಕೇಳುವ ಪ್ರಶ್ನೆಯಲ್ಲ ಇದು, ಕೇಳಲೇಬೇಕು. ಹುಡುಗಿಯರ ವಸತಿ ಬೇರೆ ಇರುತ್ತದೆ. ಅವರ ಜೊತೆ ಮಹಿಳಾ ಎಎನ್‌ಒ ಅಥವಾ ಜಿಸಿಐ, ಅಂದರೆ ಗರ್ಲ್ ಕ್ಯಾಡೆಟ್ ಇನ್‌ಸ್ಟ್ರಕ್ಟರ್, ಉಳಿಯುತ್ತಾರೆ. ಅವರ ಹೆಸರು, ಫೋನ್ ನಂಬರ್ ಮೊದಲೇ ಪಡೆಯಿರಿ. ಕೊಡಲು ಹಿಂಜರಿದರೆ ಕಳುಹಿಸಬೇಡಿ.

ಇನ್ನೊಂದು ವಿಷಯ. 2024ರ ಆಗಸ್ಟ್‌ನಲ್ಲಿ ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಒಂದು ಖಾಸಗಿ ಶಾಲೆಯಲ್ಲಿ ಎನ್‌ಸಿಸಿ ಹೆಸರಲ್ಲಿ ನಕಲಿ ಶಿಬಿರ ನಡೆದು, ವಿದ್ಯಾರ್ಥಿನಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಪ್ರಕರಣ ಬಯಲಿಗೆ ಬಂತು. ಆ ಶಾಲೆಗೆ ಎನ್‌ಸಿಸಿಯೇ ಇರಲಿಲ್ಲ. ಖಾಕಿ ಬಟ್ಟೆ, ಸೀಟಿ, ಗಟ್ಟಿ ದನಿ ಇದ್ದರೆ ಜನ ನಂಬಿಬಿಡುತ್ತಾರೆ. ಅಸಲಿ ಶಿಬಿರಕ್ಕೆ ಯೂನಿಟ್‌ನ ಪತ್ರ ಇರುತ್ತದೆ, ಶಿಬಿರದ ಜಾಗ, ತಾರೀಖು, ಕ್ಯಾಂಪ್ ಕಮಾಂಡೆಂಟ್ ಯಾರು ಅನ್ನೋದು ಇರುತ್ತದೆ. ಆ ಪತ್ರ ತೋರಿಸಿ ಅನ್ನಿ. ಅನುಮಾನ ಇದ್ದರೆ ಯೂನಿಟ್ ಕಚೇರಿಗೇ ಫೋನ್ ಮಾಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಚಿಂತೆಯಿಲ್ಲ.

ಪರೇಡ್‌ನಲ್ಲಿ ಮಕ್ಕಳು ತಲೆಸುತ್ತಿ ಬೀಳುತ್ತಾರಲ್ಲ?

ಬೀಳುತ್ತಾರೆ. ನನ್ನ ಎರಡನೇ ವರ್ಷದಲ್ಲಿ ಒಂದು ಸಮಾರಂಭಕ್ಕೆ ಮಕ್ಕಳನ್ನು ಏಳು ಗಂಟೆಗೆ ನಿಲ್ಲಿಸಿದ್ದೆ. ಮುಖ್ಯ ಅತಿಥಿಗಳು ಬಂದದ್ದು ಹತ್ತೂವರೆಗೆ. ಅಷ್ಟರಲ್ಲಿ ಮೂವರು ಬಿದ್ದಿದ್ದರು. ಒಬ್ಬ ಹುಡುಗನ ಗಲ್ಲಕ್ಕೆ ಹೊಲಿಗೆ ಬಿತ್ತು. ಅವನು ಆ ದಿನ ಏನೂ ತಿಂದಿರಲಿಲ್ಲ. ಕೇಳಿದರೆ, "ಬೆಳಿಗ್ಗೆ ಐದಕ್ಕೇ ಬಸ್ಸು ಸಾರ್" ಅಂದ. ತಪ್ಪು ಅತಿಥಿಗಳದ್ದು ಎಷ್ಟೋ, ಕೇಳದೇ ನಿಲ್ಲಿಸಿದ ನನ್ನದೂ ಅಷ್ಟೇ.

ಮಂಡಿ ಬಿಗಿದು ಅಲ್ಲಾಡದೆ ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆಗೆ ಕಡಿಮೆಯಾಗುತ್ತದೆ. ಅದಕ್ಕೇ ಶೂ ಒಳಗೆ ಕಾಲ್ಬೆರಳು ಆಡಿಸುತ್ತಿರಬೇಕು, ಮಂಡಿಯನ್ನು ಕೂದಲೆಳೆಯಷ್ಟು ಸಡಿಲ ಬಿಡಬೇಕು. ಕಣ್ಣು ಮಂಜಾದರೆ ಮರ್ಯಾದೆ ನೋಡದೆ ಅಲ್ಲೇ ಕೂತುಬಿಡಬೇಕು. ಇದನ್ನು ಹೇಳಿಕೊಡದೆ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸುವವರ ಮೇಲೆ ನನಗೆ ಈಗ ಸಿಟ್ಟು ಬರುತ್ತದೆ.

ಎ, ಬಿ, ಸಿ ಸರ್ಟಿಫಿಕೇಟ್ ಅಂದರೇನು?

ಜೂನಿಯರ್‌ನ ಎರಡು ವರ್ಷ ಮುಗಿಸಿದರೆ ಎ. ಸೀನಿಯರ್‌ನ ಎರಡನೇ ವರ್ಷಕ್ಕೆ ಬಿ, ಮೂರನೇ ವರ್ಷಕ್ಕೆ ಸಿ. ಮೂರಕ್ಕೂ ಶೇಕಡಾ 75ರಷ್ಟು ಹಾಜರಿ, ಶಿಬಿರ, ಆಮೇಲೆ ಬರೆಯುವ ಪರೀಕ್ಷೆ ಮತ್ತು ಮೈದಾನದ ಪರೀಕ್ಷೆ. ಹೆಚ್ಚು ಬೆಲೆ ಇರುವುದು ಸಿ ಸರ್ಟಿಫಿಕೇಟ್‌ಗೆ.

ನಮ್ಮ ರಾಜ್ಯದಲ್ಲಿ ಒಂದು ತೊಡಕಿದೆ. ಪಿಯುನಲ್ಲಿ ಸೇರಿದ ಮಗು ಎರಡು ವರ್ಷಕ್ಕೆ ಬಿ ಮುಗಿಸುತ್ತದೆ. ಸಿ ಬೇಕಿದ್ದರೆ ಡಿಗ್ರಿಗೆ ಸೇರುವ ಕಾಲೇಜಿನಲ್ಲೂ ಎನ್‌ಸಿಸಿ ಇರಬೇಕು. ಅಡ್ಮಿಷನ್ ಆದಮೇಲೆ ಇದು ನೆನಪಾಗಿ ಅತ್ತವರನ್ನು ನೋಡಿದ್ದೇನೆ. ಕಾಲೇಜು ಆರಿಸುವಾಗಲೇ ವಿಚಾರಿಸಿ.

ಸರಿ ಸಾರ್, ಇದರಿಂದ ಏನು ಸಿಗುತ್ತೆ?

ಬಂತು ನೋಡಿ.

ಸೇನೆಗೆ ಹೋಗುವವರಿಗೆ ದೊಡ್ಡ ಲಾಭ ಇದೆ. ಭೂಸೇನೆಯಲ್ಲಿ ಆಫೀಸರ್ ಆಗಲು ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ಒಂದು ದಾರಿ. ಡಿಗ್ರಿಯಲ್ಲಿ ಶೇಕಡಾ 50ರಷ್ಟು ಅಂಕ, ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, 19ರಿಂದ 25ರ ವಯಸ್ಸು ಇದ್ದವರು ಬರೆಯುವ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಹುಡುಗಿಯರಿಗೂ ಇದೆ, ಸೀಟು ಮಾತ್ರ ಬೆರಳೆಣಿಕೆಯಷ್ಟು. ಗೆದ್ದವರಿಗೆ ಚೆನ್ನೈನ ಅಕಾಡೆಮಿಯಲ್ಲಿ ತರಬೇತಿ.

ಆದರೆ ಬರೆಯುವ ಪರೀಕ್ಷೆ ಇಲ್ಲ ಅಂದರೆ ಸುಲಭ ಅಂತ ಅಲ್ಲ. ಎಸ್‌ಎಸ್‌ಬಿ ಐದು ದಿನ ನಡೆಯುತ್ತದೆ, ಬಂದವರಲ್ಲಿ ಹೆಚ್ಚಿನವರು ಮೊದಲ ದಿನವೇ ಬ್ಯಾಗ್ ಹಿಡಿದು ಸ್ಟೇಷನ್‌ಗೆ ವಾಪಸ್. ಭೂಸೇನೆಯ ಆಯ್ಕೆ ಕೇಂದ್ರ ಬೆಂಗಳೂರಿನಲ್ಲೇ ಇದೆ, ವಾಯುಸೇನೆಯದ್ದು ಮೈಸೂರಿನಲ್ಲಿದೆ. ಇಷ್ಟು ಹತ್ತಿರ ಇದ್ದೂ ನಮ್ಮ ಹುಡುಗರು ಹೋಗುವುದು ಕಡಿಮೆ ಅನ್ನೋದು ಬೇಜಾರಿನ ಸಂಗತಿ. ಅಗ್ನಿವೀರ್ ಭರ್ತಿಯಲ್ಲೂ ಎನ್‌ಸಿಸಿಗೆ ಬೋನಸ್ ಅಂಕ ಇದೆ.

ಇನ್ನು ಸಿಇಟಿ. ವೃತ್ತಿ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಎನ್‌ಸಿಸಿ ವಿಶೇಷ ವರ್ಗ ಇದೆ. ಆದರೆ ಸೀಟು ಬಹಳ ಕಡಿಮೆ. ರಾಷ್ಟ್ರಮಟ್ಟದ ಶಿಬಿರಕ್ಕೆ ಹೋದವರು ಮೇಲಿರುತ್ತಾರೆ, ಬರೀ ಎ ಸರ್ಟಿಫಿಕೇಟ್ ಹಿಡಿದವರು ಕೆಳಗೆ. ಆಯಾ ವರ್ಷದ ಸಿಇಟಿ ಕೈಪಿಡಿ ಓದಿ, ಪಕ್ಕದ ಮನೆಯವರ ಮಾತು ಕೇಳಬೇಡಿ. ಮೆಡಿಕಲ್ ಸೀಟಿನ ಆಸೆಗೆ 8ನೇ ಕ್ಲಾಸಿನ ಮಗುವನ್ನು ಎನ್‌ಸಿಸಿಗೆ ತಳ್ಳಿದ ಅಪ್ಪಂದಿರು ಇದ್ದಾರೆ. ಅಂಥ ಮಗು ಮೈದಾನದಲ್ಲಿ ಗಡಿಯಾರ ನೋಡುತ್ತಾ ನಿಂತಿರುತ್ತದೆ.

ದೆಹಲಿ ಪರೇಡ್‌ಗೆ ಹೋಗೋದು ಹೇಗೆ?

ಅದು ಆರ್‌ಡಿಸಿ, ಗಣರಾಜ್ಯೋತ್ಸವ ಶಿಬಿರ. ಜನವರಿ ತಿಂಗಳಿಡೀ ದೆಹಲಿ ಕಂಟೋನ್ಮೆಂಟಿನ ಕಾರ್ಯಪ್ಪ ಮೈದಾನದಲ್ಲಿ ನಡೆಯುತ್ತದೆ. ಹೌದು, ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಹೆಸರೇ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು.

ಯೂನಿಟ್‌ನಿಂದ ಗ್ರೂಪ್, ಗ್ರೂಪ್‌ನಿಂದ ಡೈರೆಕ್ಟರೇಟ್, ಹೀಗೆ ಸೋಸಿ ಸೋಸಿ ಆರಿಸುತ್ತಾರೆ. ನಡುವೆ ಒಂದರ ಹಿಂದೆ ಒಂದು ಶಿಬಿರ. ಡ್ರಿಲ್ ಒಂದೇ ಅಲ್ಲ, ಹಾಡು, ಕುಣಿತ, ಮಾತುಗಾರಿಕೆಗೂ ಜಾಗ ಇದೆ. ಕಂಸಾಳೆ, ಡೊಳ್ಳು ಬಲ್ಲ ಹುಡುಗರನ್ನು ಹುಡುಕಿ ಕರೆಯುತ್ತಾರೆ. ತಿಂಗಳುಗಟ್ಟಲೆ ಕ್ಲಾಸ್ ತಪ್ಪುತ್ತದೆ ಅನ್ನೋದು ಮೊದಲೇ ಗೊತ್ತಿರಲಿ.

ಓದಿಗೆ ತೊಂದರೆ ಆಗುವುದಿಲ್ಲವೇ?

ವಾರದ ಪರೇಡ್‌ನಿಂದ ಆಗುವುದಿಲ್ಲ. ಬಿ, ಸಿ ಪರೀಕ್ಷೆಗಳು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುತ್ತವೆ. ದ್ವಿತೀಯ ಪಿಯು ಮಕ್ಕಳಿಗೆ ಆಗ ಸ್ವಲ್ಪ ಒತ್ತಡ. ಯುಜಿಸಿ ಡಿಗ್ರಿಯಲ್ಲಿ ಎನ್‌ಸಿಸಿಯನ್ನು ಐಚ್ಛಿಕ ವಿಷಯವಾಗಿ ತಗೊಳ್ಳಲು 2021ರಲ್ಲಿ ದಾರಿ ಮಾಡಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಜಾರಿ ಮಾಡಿದೆಯಾ ಅಂತ ಕೇಳಿ ನೋಡಿ.

ಸೈನಿಕ ಶಾಲೆ, ಎನ್‌ಎಸ್‌ಎಸ್, ಸ್ಕೌಟ್ಸ್, ಎಲ್ಲ ಒಂದೇನಾ?

ಅಲ್ಲ. ಸೈನಿಕ ಶಾಲೆ ಹಾಸ್ಟೆಲ್ ಇರುವ ಪೂರ್ತಿ ಶಾಲೆ. ವಿಜಯಪುರದ್ದು 1963ರದ್ದು, ಕೊಡಗಿನದ್ದು 2007ರದ್ದು. ಬೆಂಗಳೂರು, ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ, ಸ್ವಾತಂತ್ರ್ಯಕ್ಕೂ ಮುಂಚಿನವು. ಎನ್‌ಎಸ್‌ಎಸ್ 1969ರಲ್ಲಿ ಶುರುವಾದ ಸೇವಾ ಯೋಜನೆ, ಅದಕ್ಕೂ ಸೇನೆಗೂ ಸಂಬಂಧ ಇಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್ ಬೇರೆಯದೇ ಚಳವಳಿ, ಇನ್ನೂ ಚಿಕ್ಕ ಮಕ್ಕಳಿಗೂ ತೆರೆದಿದೆ.

ಚಿಕ್ಕ ಮಕ್ಕಳಿಗೆ ಸೈನ್ಯದ ಶಿಸ್ತು ಬೇಕಾ?

ಒಬ್ಬ ಅಮ್ಮ ಮಾತ್ರ ನನ್ನನ್ನು ಇದನ್ನು ಕೇಳಿದ್ದು. ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ 1916ರಿಂದ ಹೈಸ್ಕೂಲುಗಳಲ್ಲಿ ಜೂನಿಯರ್ ಆರ್‌ಒಟಿಸಿ ಅನ್ನುವ ಇಂಥದ್ದೇ ತರಬೇತಿ ಇದೆ, ಬ್ರಿಟನ್‌ನಲ್ಲಿ ಸೀ ಕ್ಯಾಡೆಟ್, ಆರ್ಮಿ ಕ್ಯಾಡೆಟ್‌ಗಳಿದ್ದಾರೆ. ಅಲ್ಲೂ ಇದೇ ವಾದ ನಡೆದಿದೆ: ಇದು ಮಕ್ಕಳನ್ನು ಬೆಳೆಸುವುದೋ, ಸೇನೆಗೆ ಎಳೆಯುವುದೋ?

ನನಗನಿಸಿದ್ದು ಹೇಳುತ್ತೇನೆ. ಕಮಾಂಡ್ ಕೇಳಿದ ಕೂಡಲೇ ಕಾಲು ಎತ್ತುವುದು ಮೈದಾನಕ್ಕೆ ಸರಿ. ಅದೇ ಅಭ್ಯಾಸ ತಲೆಗೂ ಹತ್ತಿದರೆ ಕಷ್ಟ. ಸೀನಿಯರ್ ಹೇಳಿದ ಅಂತ ಜೂನಿಯರ್‌ನ ಕೈಲಿ ಬಟ್ಟೆ ಒಗೆಸಿದ ಪ್ರಸಂಗ ನಮ್ಮಲ್ಲೂ ಆಯಿತು, ಒಗೆದವನು ತಿಂಗಳವರೆಗೆ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಪ್ರತಿ ಪರೇಡ್ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ನೆಲದ ಮೇಲೆ ಸುತ್ತ ಕೂರಿಸಿ, ರ‍್ಯಾಂಕ್ ಬಿಟ್ಟು ಮಾತಾಡಿಸುವ ರೂಢಿ ಇಟ್ಟುಕೊಂಡೆ. ನಿಮ್ಮ ಮಗುವಿನ ಘಟಕದಲ್ಲಿ ಪ್ರಶ್ನೆ ಕೇಳಲು ಜಾಗ ಇದೆಯಾ ಅಂತ ಮಗುವನ್ನೇ ಆಗಾಗ ಕೇಳುತ್ತಿರಿ.

ಮಧ್ಯದಲ್ಲಿ ಬಿಡಬಹುದಾ?

ಬಿಡಬಹುದು. ಪ್ರಿನ್ಸಿಪಾಲರ ಮೂಲಕ ಅರ್ಜಿ, ಸಮವಸ್ತ್ರ-ಸಾಮಾನು ಯೂನಿಟ್‌ನದ್ದಾದರೆ ವಾಪಸ್. ಸರ್ಟಿಫಿಕೇಟ್ ಸಿಗುವುದಿಲ್ಲ, ಅಷ್ಟೇ. ಮೊದಲ ತಿಂಗಳು ಮೈಕೈ ನೋವಿಗೆ ಎಲ್ಲರೂ ಬಿಡುತ್ತೇನೆ ಅನ್ನುತ್ತಾರೆ. ಆ ಮಾತನ್ನು ಶಿಬಿರ ಮುಗಿದ ಮೇಲೂ ಹೇಳಿದರೆ ಒಪ್ಪಿಕೊಳ್ಳಿ.

ಮೊದಲ ಪರೇಡ್‌ಗೆ ಏನು ತರಬೇಕು?

ಸಮವಸ್ತ್ರ ಇನ್ನೂ ಬಂದಿರುವುದಿಲ್ಲ. ಕ್ಯಾನ್ವಾಸ್ ಶೂ, ನೀರಿನ ಬಾಟಲಿ, ಒಂದು ನೋಟ್‌ಬುಕ್ ಸಾಕು. ಹಿಂದಿನ ದಿನವೇ ಕಟಿಂಗ್ ಮಾಡಿಸಿ, ಇಲ್ಲವಾದರೆ ಮೈದಾನದಿಂದ ಸೀದಾ ಸಲೂನಿಗೆ ಕಳುಹಿಸುತ್ತಾರೆ. ಹುಡುಗಿಯರು ಕೂದಲು ಬಿಗಿಯಾಗಿ ಕಟ್ಟಿರಲಿ. ಮತ್ತೆ, ಬಸ್ಸು ಐದಕ್ಕೇ ಇ‌ದ್ದರೂ ಸರಿ, ಎರಡು ಚಪಾತಿ ಸುತ್ತಿ ಕೈಗೆ ಕೊಡಿ. ಬಸ್ಸಿನಲ್ಲೇ ತಿನ್ನಲಿ.